ಜರ್ಮನಿಯಲ್ಲಿ ಎಂ.ಎಸ್. ಓದು: ಬ್ಲಾಕ್ಡ್ ಅಕೌಂಟಿನ ಹಣವೊಂದೇ ಸಾಕೆ, ಅದರಾಚೆ ಎಷ್ಟು ಹೊಂದಿಸಿಕೊಳ್ಳಬೇಕು?

ಸಾಗರದ ಒಬ್ಬ ಪೋಷಕರು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ವರ್ಷ, ಅಂದರೆ 2025ರಲ್ಲಿ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿದ್ದು, 2026ರ ಅಕ್ಟೋಬರಿನಲ್ಲಿ ಆರಂಭವಾಗುವ ಚಳಿಗಾಲದ ಸೆಮಿಸ್ಟರಿಗಾಗಿ ಜರ್ಮನಿಯ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಲು ಸಿದ್ಧತೆ ನಡೆಸಿದ್ದಾಳೆ. ಡ್ರೆಸ್ಡೆನ್, ಮಾಗ್ಡೆಬುರ್ಗ್, ಸ್ಟುಟ್‌ಗಾರ್ಟ್ ಮತ್ತು ಮ್ಯೂನಿಕ್ ಅವಳ ಪಟ್ಟಿಯಲ್ಲಿವೆ. 18,000 ರೂಪಾಯಿ ಕಟ್ಟಿ, ಪದವಿಯ ದಾಖಲೆಗಳು ಅಸಲಿ ಎಂದು ದೃಢಪಡಿಸುವ ಎ.ಪಿ.ಎಸ್. ಪ್ರಮಾಣಪತ್ರಕ್ಕೆ ದಾಖಲೆಗಳನ್ನು ಕಳುಹಿಸಿಯಾಗಿದೆ. ನಮ್ಮದು ಅಡಿಕೆ ತೋಟದ ಆದಾಯ. ಕೊಯ್ಲು ಈಗ ನಡೆಯುತ್ತಿದೆ. ಮಂಡಿಯಿಂದ ಹಣ ಬರುವುದು ಜನವರಿಯ ನಂತರ, ಮಾರ್ಚಿಯ ಹೊತ್ತಿಗೆ ಬೆಳೆಸಾಲ ತೀರಿಸಬೇಕು.

ನಾವು ವಿಚಾರಿಸಿದ ಸಲಹಾ ಕಚೇರಿಯವರು ಹೇಳಿದ್ದು ಇಷ್ಟೇ: ಜರ್ಮನಿಯಲ್ಲಿ ಓದು ಉಚಿತ, ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ಹಣ ಬಿಡುವ ಖಾತೆ) 11,904 ಯೂರೋ ಇಟ್ಟರೆ ವೀಸಾ ಸಿಗುತ್ತದೆ, ಉಳಿದ ಖರ್ಚನ್ನು ಮಗಳೇ ದುಡಿದು ತೂಗಿಸಿಕೊಳ್ಳುತ್ತಾಳೆ. ಇಷ್ಟು ಸುಲಭವಾಗಿ ಮುಗಿಯುವ ಲೆಕ್ಕ ಇದಾಗಿರಲಾರದು ಎಂದು ನನಗೆ ಅನ್ನಿಸುತ್ತಿದೆ. ಎರಡು ವರ್ಷಕ್ಕೆ ಒಟ್ಟು ಎಷ್ಟು ಬೇಕು, ಅದರಲ್ಲಿ ಯಾವ ಹಣ ಯಾವ ತಿಂಗಳಲ್ಲಿ ಕೈಯಲ್ಲಿರಬೇಕು, ಸಾಲ ಮಾಡುವುದಾದರೆ ತೋಟವನ್ನು ಅಡಮಾನ ಇಡಬಹುದೆ ಎಂಬುದನ್ನು ಅಲ್ಲಿ ಓದುತ್ತಿರುವವರು ಮತ್ತು ಮಕ್ಕಳನ್ನು ಕಳುಹಿಸಿರುವವರು ದಯವಿಟ್ಟು ತಿಳಿಸಬೇಕು.

ಡ್ರೆಸ್ಡೆನ್‌ನಲ್ಲಿ ಸಂಶೋಧನೆ ನಡೆಸುತ್ತಿರುವವರು:

ನಮಸ್ಕಾರ ಸರ್. ತಮ್ಮ ಅನುಮಾನ ಸರಿಯಾಗಿದೆ. 11,904 ಯೂರೋ ಎಂಬುದು ವೀಸಾ ಪಡೆಯಲು ತೋರಿಸಬೇಕಾದ ಕನಿಷ್ಠ ಮೊತ್ತವೇ ಹೊರತು ಒಬ್ಬ ವಿದ್ಯಾರ್ಥಿಯ ನಿಜವಾದ ಖರ್ಚಿನ ಅಂದಾಜಲ್ಲ. 2024ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಈ ಮೊತ್ತವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 992 ಯೂರೋ ಆಗುತ್ತದೆ, ಮತ್ತು ಇದು ಜರ್ಮನ್ ಸರ್ಕಾರ ತನ್ನ ದೇಶದ ವಿದ್ಯಾರ್ಥಿಗಳಿಗೆ ಕೊಡುವ ಬಾಫೋಗ್ ಎಂಬ ಸಹಾಯಧನದ ಗರಿಷ್ಠ ದರಕ್ಕೆ ಸಮನಾಗಿದೆ. ಆ ದರದೊಳಗೆ ಬಾಡಿಗೆಗೆಂದು ಇಟ್ಟಿರುವುದು ಕೇವಲ 380 ಯೂರೋ, ಆರೋಗ್ಯ ಮತ್ತು ಆರೈಕೆ ವಿಮೆಗೆ 137 ಯೂರೋ, ಉಳಿದೆಲ್ಲಕ್ಕೆ 475 ಯೂರೋ. ಹಾಗಾಗಿ ಮಗಳು ಹೋಗುವ ಊರಿನಲ್ಲಿ 380 ಯೂರೋಗೆ ಕೋಣೆ ಸಿಗುತ್ತದೆಯೆ ಎಂದು ಮೊದಲು ನೋಡಿದರೆ, ಬ್ಲಾಕ್ಡ್ ಅಕೌಂಟಿನ ಹಣ ಆ ಊರಿಗೆ ಸಾಲುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ.

ಡ್ರೆಸ್ಡೆನ್ ಮತ್ತು ಮಾಗ್ಡೆಬುರ್ಗ್‌ಗಳಲ್ಲಿ ಸಿಗುತ್ತದೆ. ಇಲ್ಲಿ ಸ್ಟುಡೀರೆಂಡನ್‌ವೆರ್ಕ್ ಎಂಬ ಸಾರ್ವಜನಿಕ ಸಂಸ್ಥೆ ನಡೆಸುವ ವಿದ್ಯಾರ್ಥಿನಿಲಯದಲ್ಲಿ ಒಂದು ಕೋಣೆಗೆ ನೀರು, ವಿದ್ಯುತ್ತು, ಕೋಣೆಯನ್ನು ಬೆಚ್ಚಗಿಡುವ ವ್ಯವಸ್ಥೆ, ಇಂಟರ್ನೆಟ್ ಎಲ್ಲವೂ ಸೇರಿ 300 ಯೂರೋ ಆಸುಪಾಸಿನಲ್ಲಿ ತಿಂಗಳು ಕಳೆಯುತ್ತದೆ. ಮೂವತ್ತು ವರ್ಷದೊಳಗಿನ ವಿದ್ಯಾರ್ಥಿಗಳಿಗಿರುವ ಸಾರ್ವಜನಿಕ ಆರೋಗ್ಯ ವಿಮೆಗೆ ಈಗ ತಿಂಗಳಿಗೆ 140ರಿಂದ 150 ಯೂರೋ ಬೇಕು, ಇದರಲ್ಲಿ ಉಳಿತಾಯಕ್ಕೆ ದಾರಿಯಿಲ್ಲ. ಮನೆಯಲ್ಲೇ ಅಡುಗೆ ಮಾಡಿಕೊಂಡು, ಮಧ್ಯಾಹ್ನ ಕೆಲವು ದಿನ ಮೆನ್ಸಾ ಎಂಬ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಮೂರು ನಾಲ್ಕು ಯೂರೋಗೆ ಊಟ ಮಾಡಿದರೆ ಆಹಾರಕ್ಕೆ 220 ಯೂರೋ ಸಾಕು. ಬೋಧನಾ ಶುಲ್ಕ ಇಲ್ಲದಿದ್ದರೂ ಪ್ರತಿ ಸೆಮಿಸ್ಟರಿಗೆ ಕಟ್ಟಬೇಕಾದ ಸೆಮಿಸ್ಟರ್ ವಂತಿಗೆ ಇದೆ. ನಮ್ಮಲ್ಲಿ ಅದು ಸುಮಾರು 300 ಯೂರೋ, ಅಂದರೆ ತಿಂಗಳಿಗೆ 50, ಮತ್ತು ಪ್ರಯಾಣದ ಟಿಕೆಟ್ ಅದರೊಳಗೇ ಬರುತ್ತದೆ. ಮೊಬೈಲ್ ಖರ್ಚು, ರೇಡಿಯೋ ಮತ್ತು ಟಿ.ವಿ.ಗೆಂದು ಪ್ರತಿ ಮನೆಯೂ ಕೊಡಬೇಕಾದ 18.36 ಯೂರೋ, ಬಟ್ಟೆ, ಪುಸ್ತಕ, ಔಷಧ ಎಲ್ಲ ಸೇರಿಸಿದರೂ 830 ಯೂರೋ ಸುತ್ತ ನಿಲ್ಲುತ್ತದೆ. ಇಂಥ ಊರುಗಳಲ್ಲಿ 992 ಯೂರೋದಲ್ಲಿ ಗೌರವದಿಂದ ಬದುಕಿ ತುಸು ಉಳಿಸಲೂ ಸಾಧ್ಯ.

ಸ್ಟುಟ್‌ಗಾರ್ಟ್ ಇರುವುದು ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ. ಅಲ್ಲಿ 2017ರ ಚಳಿಗಾಲದ ಸೆಮಿಸ್ಟರಿನಿಂದ ಯೂರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳು ಪ್ರತಿ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಕೊಡಬೇಕು. ಕಾರ್ಲ್ಸ್‌ರೂಹ, ಹೈಡೆಲ್‌ಬೆರ್ಗ್, ಫ್ರೈಬುರ್ಗ್, ಟ್ಯೂಬಿಂಗನ್ ಎಲ್ಲಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ವಿದ್ಯಾರ್ಥಿನಿಲಯ ಸಿಗದೆ ಹಂಚಿಕೆಯ ಮನೆಯಲ್ಲಿ 550 ಯೂರೋಗೆ ಕೋಣೆ ಹಿಡಿದರೆ, ಶುಲ್ಕವನ್ನು ತಿಂಗಳಿಗೆ 250ರಂತೆ ಹಂಚಿ ನೋಡಿದಾಗ, ಅಲ್ಲಿನ ಮಾಸಿಕ ಖರ್ಚು 1,340 ಯೂರೋ ಮುಟ್ಟುತ್ತದೆ. ಬ್ಲಾಕ್ಡ್ ಅಕೌಂಟಿನಿಂದ ಬರುವುದಕ್ಕಿಂತ ಇದು ಪ್ರತಿ ತಿಂಗಳೂ 350 ಯೂರೋ ಹೆಚ್ಚು.

ಆದರೆ ನಾನು ಇವೆಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವುದು ಮೊದಲ ಎರಡು ಮೂರು ತಿಂಗಳ ವಿಷಯ. ಬ್ಲಾಕ್ಡ್ ಅಕೌಂಟಿನಲ್ಲಿರುವ ಹಣ ಮಗಳು ವಿಮಾನದಿಂದ ಇಳಿದ ದಿನ ಕೈಗೆ ಬರುವುದಿಲ್ಲ. ಅದು ತಿಂಗಳು ತಿಂಗಳು ಬಂದು ಬೀಳಲು ಅವಳ ಹೆಸರಿನಲ್ಲಿ ಇಲ್ಲಿ ಒಂದು ಚಾಲ್ತಿ ಖಾತೆ ಇರಬೇಕು. ಅನೇಕ ಬ್ಯಾಂಕುಗಳು ಖಾತೆ ತೆರೆಯಲು ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ ಪತ್ರ ಕೇಳುತ್ತವೆ. ಆ ನೋಂದಣಿಗೆ ಮನೆಯ ಮಾಲೀಕರ ಸಹಿಯಿರುವ ದೃಢೀಕರಣ ಬೇಕು. ಮನೆಯೇ ಸಿಗದಿದ್ದರೆ ಯಾವುದೂ ಆಗುವುದಿಲ್ಲ. ಅಷ್ಟರಲ್ಲಿ ಕೋಣೆಯ ಡೆಪಾಸಿಟ್ ಕೇಳುತ್ತಾರೆ. ಕಾನೂನಿನ ಪ್ರಕಾರ ಡೆಪಾಸಿಟ್ಟು ಇತರ ವೆಚ್ಚಗಳನ್ನು ಬಿಟ್ಟ ಮೂಲ ಬಾಡಿಗೆಯ ಮೂರು ಪಟ್ಟನ್ನು ಮೀರುವಂತಿಲ್ಲ, ಅದನ್ನು ಮೂರು ಮಾಸಿಕ ಕಂತುಗಳಲ್ಲಿ ಕೊಡುವ ಹಕ್ಕೂ ಬಾಡಿಗೆದಾರರಿಗಿದೆ. ಆದರೆ ಹೊಸದಾಗಿ ಬಂದ ವಿದ್ಯಾರ್ಥಿಗಳು ಆ ಹಕ್ಕನ್ನು ಕೇಳಿ ಪಡೆಯುವುದು ಕಡಿಮೆ. ಡೆಪಾಸಿಟ್ಟಿಗೆ ಒಂದು ಸಾವಿರ, ಮೊದಲ ತಿಂಗಳ ಬಾಡಿಗೆಗೆ 400, ಸೆಮಿಸ್ಟರ್ ವಂತಿಗೆಗೆ 300, ನಿವಾಸ ಪರವಾನಗಿಗೆ ಸುಮಾರು 100, ಹಾಸಿಗೆ ಹೊದಿಕೆ ಪಾತ್ರೆಗಳಿಗೆ 250, ಕೋಣೆ ಸಿಗುವವರೆಗೆ ತಂಗಲು ಮತ್ತು ಊಟಕ್ಕೆ ಇನ್ನೊಂದು 500 ಯೂರೋ ಎಂದು ಹಿಡಿದರೆ, ಬ್ಲಾಕ್ಡ್ ಅಕೌಂಟನ್ನು ಬಿಟ್ಟು ಸುಮಾರು 2,500 ಯೂರೋ ಬೇರೆಯಾಗಿ ಬೇಕಾಗುತ್ತದೆ. ಇದನ್ನು ಫಾರೆಕ್ಸ್ ಕಾರ್ಡಿನಲ್ಲಿ ಹಾಕಿ, ಸ್ವಲ್ಪ ನಗದಾಗಿಯೂ ಕೊಟ್ಟು ಕಳುಹಿಸಿ. ವರ್ಷದ ಒಟ್ಟು ಮೊತ್ತ ಸರಿಯಾಗಿದ್ದೂ ಅಕ್ಟೋಬರಿನಲ್ಲಿ ಸಹಪಾಠಿಗಳ ಬಳಿ ಕೈಸಾಲ ಕೇಳುವ ಪರಿಸ್ಥಿತಿಗೆ ಇಲ್ಲಿ ಪ್ರತಿ ವರ್ಷ ಹಲವರು ಬರುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಸ್ಟುಟ್‌ಗಾರ್ಟ್‌ನಲ್ಲಿ ಉದ್ಯೋಗದಲ್ಲಿರುವವರು:

ಮೇಲಿನವರ ಲೆಕ್ಕವನ್ನು ನಾನು ಒಪ್ಪುತ್ತೇನೆ; ಆದರೆ ಅದನ್ನು ಓದಿ ಸ್ಟುಟ್‌ಗಾರ್ಟನ್ನು ಪಟ್ಟಿಯಿಂದ ತೆಗೆದುಹಾಕಬೇಡಿ ಎಂದು ವಿನಂತಿಸುತ್ತೇನೆ. ಎರಡು ವರ್ಷಕ್ಕೆ ಶುಲ್ಕ 6,000 ಯೂರೋ, ಅಂದರೆ ಇಂದಿನ ದರದಲ್ಲಿ ಸುಮಾರು ಆರು ಲಕ್ಷ ರೂಪಾಯಿ. ಮೆಕ್ಯಾನಿಕಲ್ ಓದುವವರಿಗೆ ವಾಹನ ಮತ್ತು ಯಂತ್ರೋಪಕರಣ ಕಂಪನಿಗಳು ಹತ್ತಿರದಲ್ಲಿರುವುದರಿಂದ, ವೆರ್ಕ್‌ಸ್ಟುಡೆಂಟ್ (ಓದುತ್ತಲೇ ಕಂಪನಿಯಲ್ಲಿ ದುಡಿಯುವ ವಿದ್ಯಾರ್ಥಿ) ಆಗಿ ಸೆಮಿಸ್ಟರಿನ ಅವಧಿಯಲ್ಲಿ ವಾರಕ್ಕೆ 20 ಗಂಟೆಯವರೆಗೆ ತಮ್ಮ ವಿಷಯದಲ್ಲೇ ಕೆಲಸ ಮಾಡುವ ಅವಕಾಶ ಇಲ್ಲಿ ಹೆಚ್ಚು. 2026ರ ಜನವರಿಯಿಂದ ಕನಿಷ್ಠ ವೇತನ ಗಂಟೆಗೆ 13.90 ಯೂರೋ. ಕನಿಷ್ಠ ವೇತನವನ್ನೇ ಹಿಡಿದರೂ ವಾರಕ್ಕೆ 20 ಗಂಟೆಗೆ ತಿಂಗಳಿಗೆ 1,200 ಯೂರೋ ಬರುತ್ತದೆ, ಅದರಲ್ಲಿ ಪಿಂಚಣಿ ವಂತಿಗೆಯಾಗಿ 9.3% ಕಳೆಯುತ್ತಾರೆ. ವರ್ಷಕ್ಕೆ ಸುಮಾರು 12,000 ಯೂರೋವರೆಗಿನ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಓದಿನ ಜೊತೆಗೇ ಅನುಭವ ಸಿಗುತ್ತದೆ, ಮುಂದೆ ಉದ್ಯೋಗಕ್ಕೂ ಅದೇ ದಾರಿಯಾಗುತ್ತದೆ.

ಡ್ರೆಸ್ಡೆನ್‌ನಲ್ಲಿ ಸಂಶೋಧನೆ ನಡೆಸುತ್ತಿರುವವರು:

ಅವಕಾಶ ಇದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಿಗಬಹುದಾದ ಸಂಬಳವನ್ನು ಬಜೆಟ್ಟಿನ ಆದಾಯದ ಕಡೆ ಬರೆಯುವುದನ್ನು ಮಾತ್ರ ನಾನು ಒಪ್ಪಲಾರೆ. ವಾಹನೋದ್ಯಮ ಈಗ ಕಷ್ಟದಲ್ಲಿದೆ. ಸ್ಟುಟ್‌ಗಾರ್ಟ್ ಪಕ್ಕದಲ್ಲೇ ಕೇಂದ್ರ ಕಚೇರಿ ಹೊಂದಿರುವ ಬಾಷ್ ಕಂಪನಿ 2025ರ ಸೆಪ್ಟೆಂಬರಿನಲ್ಲಿ 13,000 ಹುದ್ದೆಗಳ ಕಡಿತವನ್ನು ಘೋಷಿಸಿದೆ. ಕಾಯಂ ನೌಕರರಿಗೇ ಜಾಗವಿಲ್ಲದಾಗ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದು ಕಡಿಮೆಯಾಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಭಾಷೆ: ಪಾಠ ಇಂಗ್ಲಿಷಿನಲ್ಲಿದ್ದರೂ ಕಂಪನಿಯ ಕೆಲಸಕ್ಕೆ ಬಿ1, ಬಿ2 ಎಂಬ ಮಧ್ಯಮ ಮಟ್ಟದ ಜರ್ಮನ್ ಕೇಳುವವರೇ ಹೆಚ್ಚು. ಬಂದ ಮೊದಲ ಸೆಮಿಸ್ಟರಿನಲ್ಲಿ ಸಾಮಾನ್ಯವಾಗಿ ಸಿಗುವುದು ಹೋಟೆಲು, ಗೋದಾಮು, ಸೂಪರ್ ಮಾರ್ಕೆಟಿನ ಕೆಲಸ. ಮಿನಿಜಾಬ್ ಎಂಬ ಸಣ್ಣ ಅರೆಕಾಲಿಕ ಕೆಲಸದ ವ್ಯವಸ್ಥೆಯಲ್ಲಿ 2026ರ ಜನವರಿಯಿಂದ ತಿಂಗಳಿಗೆ 603 ಯೂರೋವರೆಗೆ ಗಳಿಸಬಹುದು. ಅದಕ್ಕೆ ವಾರಕ್ಕೆ ಹತ್ತು ಗಂಟೆ ದುಡಿಯಬೇಕು.

ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು 2024ರ ಮಾರ್ಚಿಯಿಂದ ಅನುಮತಿ ಇದೆ. ಪ್ರಾಧ್ಯಾಪಕರ ಬಳಿ ವಿದ್ಯಾರ್ಥಿ ಸಹಾಯಕರಾಗಿ ಮಾಡುವ ಕೆಲಸ ಈ ಮಿತಿಯೊಳಗೆ ಬರುವುದಿಲ್ಲ; ಓದಿಗೂ ಅದು ಒಳ್ಳೆಯದು, ಮಗಳು ಎರಡನೆಯ ಸೆಮಿಸ್ಟರಿನಿಂದ ಅದಕ್ಕೆ ಪ್ರಯತ್ನಿಸಲಿ. ಆದರೆ ಮೊದಲ ವರ್ಷ ಒಂದು ಯೂರೋ ಸಂಪಾದನೆಯೂ ಇಲ್ಲದೆ ನಡೆಯುವಂತೆ ಮನೆಯವರು ಹಣ ಹೊಂದಿಸಿಟ್ಟಿದ್ದರೆ ಮಾತ್ರ ಅವಳು ಪರೀಕ್ಷೆಯ ತಿಂಗಳಲ್ಲಿ ರಾತ್ರಿ ಪಾಳಿಗೆ ಹೋಗಬೇಕಾಗಿ ಬರುವುದಿಲ್ಲ. ಒಂದು ವಿಷಯದಲ್ಲಿ ನಪಾಸಾದರೆ ಮತ್ತೆ ಆ ಪರೀಕ್ಷೆಗೆ ಕೂರಲು ಕೆಲವೊಮ್ಮೆ ಆರು ತಿಂಗಳು ಅಥವಾ ಒಂದು ವರ್ಷ ಕಾಯಬೇಕಾಗುತ್ತದೆ. ಒಂದು ಹೆಚ್ಚುವರಿ ಸೆಮಿಸ್ಟರಿನ ಜೀವನ ವೆಚ್ಚ ಆರು ಸಾವಿರ ಯೂರೋ ಹತ್ತಿರ. ಮಿನಿಜಾಬಿನಿಂದ ಅರ್ಧ ವರ್ಷಕ್ಕೂ ಹೆಚ್ಚು ಕಾಲ ಗಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ.

ಮ್ಯೂನಿಕ್‌ನಲ್ಲಿ ಓದುತ್ತಿರುವವರು:

ಮ್ಯೂನಿಕ್ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಚಿಕ್ಕದಾಗಿ ತಿಳಿಸುತ್ತೇನೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಯೂರೋಪಿನ ಹೊರಗಿನವರಿಗೆ ಶುಲ್ಕ ವಿಧಿಸುತ್ತಿದೆ. ಸ್ನಾತಕೋತ್ತರ ಪದವಿಗೆ ವಿಷಯವನ್ನು ಅವಲಂಬಿಸಿ ಸೆಮಿಸ್ಟರಿಗೆ 4,000 ಅಥವಾ 6,000 ಯೂರೋ. ಹಂಚಿಕೆಯ ಮನೆಯಲ್ಲಿ ಒಂದು ಕೋಣೆಯ ಬಾಡಿಗೆ 800 ಯೂರೋ ಆಸುಪಾಸಿನಲ್ಲಿದೆ, ವಿದ್ಯಾರ್ಥಿನಿಲಯಕ್ಕೆ ಸೆಮಿಸ್ಟರುಗಟ್ಟಲೆ ಕಾಯಬೇಕು. ಕಡಿಮೆ ಶುಲ್ಕದ ವಿಷಯಕ್ಕೇ ಸೇರಿದರೂ ತಿಂಗಳಿಗೆ 2,000 ಯೂರೋ ಎಂದು ಹಿಡಿಯಿರಿ. ಶುಲ್ಕ ವಿನಾಯಿತಿ ಅಥವಾ ವಿದ್ಯಾರ್ಥಿವೇತನ ಕೈಗೆ ಬಂದಿರುವುದು ಖಚಿತವಾಗದೆ ತೋಟದ ಆದಾಯವನ್ನು ನಂಬಿ ಇಲ್ಲಿಗೆ ಕಳುಹಿಸುವುದು ಬೇಡ ಎಂದು ನನಗೆ ಅನ್ನಿಸುತ್ತದೆ.

ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ಅಧಿಕಾರಿ:

ಸಾಲದ ವಿಚಾರಕ್ಕೆ ಬರುತ್ತೇನೆ. ಸಾರ್ವಜನಿಕ ಬ್ಯಾಂಕುಗಳ ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿಯವರೆಗೆ ಯಾವ ಭದ್ರತೆಯನ್ನೂ ಕೇಳುವಂತಿಲ್ಲ, 7.5 ಲಕ್ಷವನ್ನು ಮೀರಿದರೆ ಆಸ್ತಿಯ ಅಥವಾ ಠೇವಣಿಯ ಭದ್ರತೆ ಬೇಕು. ಅಡಿಕೆ ತೋಟವನ್ನು ಭದ್ರತೆಯಾಗಿ ಕೊಡಲು ಹೋದರೆ ಶಾಖೆಯಲ್ಲಿ ಬಹುತೇಕ ಹಿಂಜರಿಯುತ್ತಾರೆ. ಸಾಲ ವಸೂಲಿಗೆ ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸದಿರುವುದೇ ಇದಕ್ಕೆ ಕಾರಣ. ಮ್ಯಾನೇಜರರಿಗೆ ತಮ್ಮ ಮೇಲೆ ನಂಬಿಕೆ ಇಲ್ಲವೆಂದು ಭಾವಿಸಬೇಕಾಗಿಲ್ಲ. ಸಾಗರ ಪಟ್ಟಣದಲ್ಲಿ ಇ-ಖಾತೆ ಇರುವ ಮನೆ ಅಥವಾ ಭೂಪರಿವರ್ತನೆಯಾದ ನಿವೇಶನ ತಮ್ಮ ಹೆಸರಿನಲ್ಲೋ ಹತ್ತಿರದ ಬಂಧುಗಳ ಹೆಸರಿನಲ್ಲೋ ಇದ್ದರೆ ಅದನ್ನು ಕೊಡಬಹುದು. ಸ್ಥಿರ ಠೇವಣಿ, ಎಲ್.ಐ.ಸಿ. ಪಾಲಿಸಿಗಳೂ ಆಗುತ್ತವೆ. ಋಣಭಾರ ಪ್ರಮಾಣಪತ್ರ, ಕಾನೂನು ಅಭಿಪ್ರಾಯ, ಮೌಲ್ಯಮಾಪನ ಇವುಗಳಿಗೆ ಸಮಯ ಹಿಡಿಯುತ್ತದೆ. ಮೇ ತಿಂಗಳಲ್ಲಿ ವಿಶ್ವವಿದ್ಯಾಲಯದ ಪ್ರವೇಶಪತ್ರ ಬಂದ ಮೇಲೆ ಓಡಾಡುವ ಬದಲು ದಾಖಲೆಗಳನ್ನು ಈಗಲೇ ಸರಿಪಡಿಸಿಕೊಳ್ಳಿ. ಭದ್ರತೆ ಇಲ್ಲದೆ ದೊಡ್ಡ ಮೊತ್ತ ಕೊಡುವ ಖಾಸಗಿ ಹಣಕಾಸು ಸಂಸ್ಥೆಗಳಿವೆ, ಬಡ್ಡಿ ಹೆಚ್ಚು.

ಸಾಲ ಮಂಜೂರಾಗುವಾಗ ಬ್ಲಾಕ್ಡ್ ಅಕೌಂಟಿನ ಹಣವನ್ನೂ ಜೀವನ ವೆಚ್ಚವಾಗಿ ಸೇರಿಸಿ ಬರೆಸಿಕೊಳ್ಳಿ. ಮರುಪಾವತಿ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ನಂತರ ಆರಂಭವಾಗುತ್ತದೆ, ಆದರೆ ಬಡ್ಡಿ ಮೊದಲ ದಿನದಿಂದಲೇ ಸೇರುತ್ತಾ ಹೋಗುತ್ತದೆ. 12 ಲಕ್ಷಕ್ಕೆ 10% ಎಂದು ಹಿಡಿದರೆ ತಿಂಗಳಿಗೆ 10,000 ರೂಪಾಯಿ. ಅದನ್ನು ಓದಿನ ಅವಧಿಯಲ್ಲೇ ಕಟ್ಟುತ್ತಾ ಹೋಗುವವರಿಗೆ ಬಡ್ಡಿಯಲ್ಲಿ 1% ರಿಯಾಯಿತಿ ಕೊಡುವ ಅವಕಾಶ ಮಾದರಿ ಯೋಜನೆಯಲ್ಲಿದೆ, ಕೇಳಿ ನೋಡಿ. ಜರ್ಮನಿಯಲ್ಲಿ ನಾಲ್ಕು ಸೆಮಿಸ್ಟರಿನ ಪದವಿ ಐದು ಆರು ಸೆಮಿಸ್ಟರಿಗೆ ಎಳೆಯುವುದು ಸಾಮಾನ್ಯವಾದ್ದರಿಂದ, ಅವಧಿ ವಿಸ್ತರಣೆಗೆ ವಿಶ್ವವಿದ್ಯಾಲಯದ ಪತ್ರ ಕೊಟ್ಟು ಮುಂಚಿತವಾಗಿ ಕೋರಬೇಕು. ಇಲ್ಲವಾದರೆ ಮಗಳು ಇನ್ನೂ ಪ್ರಬಂಧ ಬರೆಯುತ್ತಿರುವಾಗಲೇ ಕಂತು ಶುರುವಾಗುತ್ತದೆ.

ಹಣ ಕಳುಹಿಸುವಾಗ ಮೂಲದಲ್ಲೇ ಸಂಗ್ರಹಿಸುವ ತೆರಿಗೆಯನ್ನೂ ಗಮನಿಸಬೇಕು. 2025ರ ಏಪ್ರಿಲಿನಿಂದ ಒಂದು ಆರ್ಥಿಕ ವರ್ಷದಲ್ಲಿ ಒಬ್ಬರು ಕಳುಹಿಸುವ 10 ಲಕ್ಷದವರೆಗಿನ ಹಣಕ್ಕೆ ಈ ತೆರಿಗೆ ಇಲ್ಲ. ಮಾನ್ಯ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಹೋಗುವ ಹಣಕ್ಕೆ ಎಷ್ಟಾದರೂ ಇಲ್ಲ. ಸ್ವಂತ ಹಣವಾದರೆ 10 ಲಕ್ಷ ಮೀರಿದ ಭಾಗಕ್ಕೆ ಶಿಕ್ಷಣದ ಉದ್ದೇಶವೆಂದು ನಮೂದಿಸಿದ್ದರೆ 2025-26ರ ಆರ್ಥಿಕ ವರ್ಷದಲ್ಲಿ 5%. ಉದ್ದೇಶವನ್ನು ತಪ್ಪಾಗಿ, ಸಂಬಂಧಿಕರ ಪೋಷಣೆ ಅಥವಾ ವಿದೇಶಿ ಠೇವಣಿ ಎಂದು ನಮೂದಿಸಿದ್ದರೆ 20%. ಅರ್ಜಿ ತುಂಬುವಾಗ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಸಾಗರದ ಒಬ್ಬ ಪೋಷಕರು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮ್ಯೂನಿಕ್ ಬಿಟ್ಟುಬಿಡುವುದೆಂದು ಮಗಳೂ ಒಪ್ಪಿದ್ದಾಳೆ. ಇನ್ನೆರಡು ವಿಷಯ ಕೇಳಬೇಕಿದೆ. ಬ್ಲಾಕ್ಡ್ ಅಕೌಂಟ್ ತುಂಬಬೇಕಾದದ್ದು ಜೂನ್, ಜುಲೈನಲ್ಲಿ ಎಂದು ತೋರುತ್ತದೆ. ಮಳೆಗಾಲದಲ್ಲಿ ಔಷಧಿ ಸಿಂಪಡಣೆ, ಕೂಲಿ ಎಂದು ನಮ್ಮ ಕೈ ಬರಿದಾಗಿರುವ ಸಮಯ ಅದು. ಕಳೆದ ವರ್ಷ ಎಲೆಚುಕ್ಕೆ ರೋಗದಿಂದ ಬೆಳೆಯೂ ಇಳಿದಿತ್ತು. ಹಾಗಾದರೆ ಜನವರಿಯಲ್ಲಿ ಅಡಿಕೆ ಮಾರಿದ ಹಣವನ್ನು ಆಗಲೇ ಯೂರೋ ಮಾಡಿ ಇಡುವುದು ಸರಿಯೆ? ಮತ್ತೆ, ಎರಡನೆಯ ವರ್ಷಕ್ಕೂ ಇಷ್ಟೇ ಮೊತ್ತವನ್ನು ಒಟ್ಟಿಗೆ ತೋರಿಸಬೇಕೆ?

ಮೈಸೂರಿನ ಒಬ್ಬ ತಾಯಿ:

ನಮ್ಮ ಮಗ ಮಾಗ್ಡೆಬುರ್ಗ್‌ನಲ್ಲಿ ಎರಡನೆಯ ವರ್ಷದ ಓದಿನಲ್ಲಿದ್ದಾನೆ. ತಾವು ಕೇಳಿದ ಎರಡನೆಯ ಪ್ರಶ್ನೆಯೇ ನಮ್ಮಂಥ ಮನೆಗಳಲ್ಲಿ ತಡವಾಗಿ ಎದುರಾಗುವುದು. ನಿವಾಸ ಪರವಾನಗಿಯನ್ನು ನವೀಕರಿಸುವಾಗ ಮುಂದಿನ ಅವಧಿಯ ಖರ್ಚಿಗೆ ಹಣವಿದೆ ಎಂದು ಮತ್ತೆ ತೋರಿಸಬೇಕು. ಬ್ಲಾಕ್ಡ್ ಅಕೌಂಟಿಗೆ ಇನ್ನೊಮ್ಮೆ ಹಣ ಹಾಕಬಹುದು, ಇಲ್ಲವೆ ನಿಯಮಿತ ಕೆಲಸದ ಕರಾರು ಪತ್ರ ಮತ್ತು ಸಂಬಳದ ಚೀಟಿಗಳನ್ನು ಕೊಡಬಹುದು, ಅವು ಸಾಲದಿದ್ದರೆ ಉಳಿದ ಭಾಗವನ್ನಷ್ಟೇ ಖಾತೆಯಲ್ಲಿ ತೋರಿಸಲು ಕೆಲವು ಕಚೇರಿಗಳು ಒಪ್ಪುತ್ತವೆ. ನಮ್ಮ ಮಗನಿಗೆ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸ ಸಿಕ್ಕಿದ್ದರಿಂದ ಎರಡನೆಯ ವರ್ಷ ನಾವು ಅರ್ಧದಷ್ಟು ಮೊತ್ತ ಕಳುಹಿಸಿದರೆ ಸಾಕಾಯಿತು. ಆದರೆ ಪೂರ್ಣ ಮೊತ್ತವನ್ನು ಠೇವಣಿಯಲ್ಲಿ ಸಿದ್ಧವಾಗಿಟ್ಟುಕೊಂಡೇ ಅವನ ಕೆಲಸದ ಸುದ್ದಿಗೆ ಕಾದಿದ್ದೆವು. ಆ ಠೇವಣಿ ಇದ್ದುದರಿಂದ ಕೆಲಸ ಸಿಗಲಿಲ್ಲವೆಂದು ಅವನು ಫೋನಿನಲ್ಲಿ ಹೇಳಿದ ತಿಂಗಳುಗಳಲ್ಲೂ ನಾವು ಗಾಬರಿಯಾಗಲಿಲ್ಲ.

ಇನ್ನೊಂದು ಮಾತು ಹೆಣ್ಣುಮಗಳ ತಾಯ್ತಂದೆಯರಿಗೆ. ಬಾಡಿಗೆ ಕಡಿಮೆ ಎಂದು ಊರ ಹೊರಗಿನ, ರಾತ್ರಿ ಬಸ್ಸಿಲ್ಲದ ಜಾಗದಲ್ಲಿ ಕೋಣೆ ಹಿಡಿಯಲು ಹೇಳಬೇಡಿ. ತಿಂಗಳಿಗೆ 50 ಯೂರೋ ಹೆಚ್ಚಾದರೂ ವಿದ್ಯಾರ್ಥಿನಿಲಯವೇ ಇರಲಿ. ಅದಕ್ಕೆ ಪ್ರವೇಶಪತ್ರ ಬಂದ ದಿನವೇ ಅರ್ಜಿ ಹಾಕಬೇಕು, ಕೆಲವು ಊರುಗಳಲ್ಲಿ ಪ್ರವೇಶಪತ್ರಕ್ಕೂ ಮೊದಲೇ ಹಾಕಬಹುದು. ಕೋಣೆಯನ್ನು ಯಾರೂ ನೋಡದೆ, ಒಪ್ಪಂದಪತ್ರ ಇಲ್ಲದೆ ಡೆಪಾಸಿಟ್ ಕಳುಹಿಸಿ ಎಂದು ಕೇಳುವವರಿಗೆ ಇಲ್ಲಿಂದ ಹಣ ಕಳುಹಿಸಲೇಬಾರದು. ಚಳಿಗಾಲದ ದಪ್ಪ ಉಡುಪನ್ನು ಅಲ್ಲೇ ಕೊಳ್ಳಲಿ, ಇಲ್ಲಿ ಕೊಂಡದ್ದು ಅಲ್ಲಿನ ಚಳಿಗೆ ಸಾಲುವುದಿಲ್ಲ.

ಕಲಬುರಗಿಯ ಒಬ್ಬ ವಿದ್ಯಾರ್ಥಿ:

ಹಿರಿಯರ ಮಾತುಗಳಿಂದ ಬಹಳ ತಿಳಿದುಕೊಂಡೆ. ಆದರೆ ಅಡಮಾನ ಇಡಲು ಮನೆಯೂ ಇಲ್ಲದ, ತೋಟವೂ ಇಲ್ಲದ ನಮ್ಮಂಥವರು ಈ ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕು? ನಾನು ಪರಿಶಿಷ್ಟ ಜಾತಿಗೆ ಸೇರಿದವನು, ತಂದೆ ಶಾಲೆಯಲ್ಲಿ ಸಹಾಯಕರು.

ಡ್ರೆಸ್ಡೆನ್‌ನಲ್ಲಿ ಸಂಶೋಧನೆ ನಡೆಸುತ್ತಿರುವವರು:

ತಮ್ಮಾ, ನೀನು ಸಾಲದಿಂದ ಆರಂಭಿಸಬೇಡ, ವಿದ್ಯಾರ್ಥಿವೇತನದಿಂದ ಆರಂಭಿಸು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮುಖ್ಯವಾಗಿ ಇದೆ; ಅದು ಶುಲ್ಕ, ಜೀವನ ವೆಚ್ಚ, ವಿಮಾನ ಪ್ರಯಾಣ ಎಲ್ಲವನ್ನೂ ಭರಿಸುತ್ತದೆ. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಿದೇಶ ವ್ಯಾಸಂಗಕ್ಕೆಂದೇ ಇದೆ. ಎರಡಕ್ಕೂ ಅರ್ಜಿಯ ಅವಧಿ ಚಿಕ್ಕದು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಸಿದ್ಧವಿರಬೇಕು. ಆದ್ದರಿಂದ ಜಿಲ್ಲಾ ಕಚೇರಿಗೆ ಹೋಗಿ ವಿಚಾರಿಸುತ್ತಾ ಇರು. ವಿದ್ಯಾರ್ಥಿವೇತನದ ಅಧಿಕೃತ ಪತ್ರ ಜೀವನ ವೆಚ್ಚಕ್ಕೆ ಸಾಕಾಗುವಷ್ಟಿದ್ದರೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನ ಬದಲು ಅದನ್ನೇ ಕೊಡಬಹುದು. ಜರ್ಮನಿಗೆ ಬಂದ ಮೇಲೆ ತಿಂಗಳಿಗೆ 300 ಯೂರೋ ಕೊಡುವ ಡಾಯ್ಚ್‌ಲಾಂಡ್‌ಸ್ಟಿಪೆಂಡಿಯಂ ಎಂಬುದಕ್ಕೆ ವಿದೇಶಿ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು, ಅದು ವಿಶ್ವವಿದ್ಯಾಲಯದ ಮೂಲಕ ಸಿಗುತ್ತದೆ. ಆದರೆ ಸಿಗುವವರೆಗೆ ಅದನ್ನೂ ಲೆಕ್ಕದಲ್ಲಿ ಸೇರಿಸಬೇಡ. ನಿನ್ನ ಅಂಕಪಟ್ಟಿಯ ವಿವರ ತಿಳಿಸಿದರೆ ಯಾವ ಊರುಗಳಿಗೆ ಅರ್ಜಿ ಹಾಕಬಹುದೆಂದು ನೋಡಿ ಹೇಳುತ್ತೇನೆ.

ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ಅಧಿಕಾರಿ:

ಸಾಗರದವರ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. 2025ರ ಆರಂಭದಲ್ಲಿ ಒಂದು ಯೂರೋಗೆ 90 ರೂಪಾಯಿಯ ಆಸುಪಾಸಿತ್ತು, ಈಗ 100 ದಾಟಿದೆ. 11,904 ಯೂರೋಗೆ ಆಗ 10.7 ಲಕ್ಷ ಸಾಕಿತ್ತು; ಈಗ 103ರ ದರದಲ್ಲಿ 12.25 ಲಕ್ಷ ಬೇಕು. ಒಂದೂವರೆ ಲಕ್ಷದ ವ್ಯತ್ಯಾಸ ಯಾರ ಖರ್ಚಿನಿಂದಲೂ ಬಂದದ್ದಲ್ಲ. ಮುಂದೆ ಏರುತ್ತದೋ ಇಳಿಯುತ್ತದೋ ಎಂದು ಊಹಿಸುವುದು ನಮ್ಮ ಕೆಲಸವಲ್ಲ. ಬ್ಲಾಕ್ಡ್ ಅಕೌಂಟನ್ನು ಮೊದಲೇ ತೆರೆದು ಹಂತಹಂತವಾಗಿ ಹಣ ಹಾಕಲು ಸೇವೆ ಕೊಡುವವರು ಒಪ್ಪುವುದಾದರೆ, ಮಾರ್ಚಿಯೊಳಗೆ ಅರ್ಧ, ಏಪ್ರಿಲಿನ ನಂತರ ಅರ್ಧ ಕಳುಹಿಸಿ. ಇದರಿಂದ ಎರಡು ಪ್ರಯೋಜನವಿದೆ. ದರದ ಏರಿಳಿತ ಹಂಚಿಹೋಗುತ್ತದೆ. ಜೊತೆಗೆ ಹಣ ಎರಡು ಆರ್ಥಿಕ ವರ್ಷಗಳಲ್ಲಿ ಹೋಗುವುದರಿಂದ ಯಾವ ವರ್ಷವೂ 10 ಲಕ್ಷದ ಮಿತಿಯನ್ನು ಮೀರದೆ ತೆರಿಗೆ ಸಂಗ್ರಹವೇ ಆಗುವುದಿಲ್ಲ. ಆದರೆ ಪ್ರವೇಶಪತ್ರ ಬರುವ ಮೊದಲು ಹಾಕಿದ ಹಣ, ಪ್ರವೇಶ ಸಿಗದೆ ಹೋದರೆ ಶುಲ್ಕ ಕಳೆದು ಹಿಂದಿರುಗುತ್ತದೆ ಎಂಬುದನ್ನು ತಿಳಿದು ನಿರ್ಧರಿಸಿ. ನಿರ್ಧರಿಸಲು ಕಷ್ಟವೆನಿಸಿದರೆ, ಅಡಿಕೆಯ ಹಣವನ್ನು ಜೂನಿನಲ್ಲಿ ತುಂಬುವಂತೆ ಕಿರು ಅವಧಿಯ ಠೇವಣಿಯಲ್ಲಿಟ್ಟು, ದರ ಯೂರೋಗೆ 110 ಆದರೂ ಸಾಲುವಷ್ಟು ಹೆಚ್ಚು ಹೊಂದಿಸಿಕೊಳ್ಳಿ. ಬೆಲೆ ಏರಲಿ ಎಂದು ಅಡಿಕೆಯನ್ನು ಗೋದಾಮಿನಲ್ಲೇ ಉಳಿಸಿಕೊಳ್ಳುವ ಅಭ್ಯಾಸ ನಮ್ಮ ಮಲೆನಾಡಿನಲ್ಲಿದೆ. ಮಗಳ ವೀಸಾಕ್ಕೆ ಬೇಕಾದಷ್ಟು ಅಡಿಕೆಯನ್ನು ಆ ಲೆಕ್ಕದಿಂದ ಹೊರಗಿಡಿ.

ಸ್ಟುಟ್‌ಗಾರ್ಟ್‌ನಲ್ಲಿ ಉದ್ಯೋಗದಲ್ಲಿರುವವರು:

ಇನ್ನೊಂದು ಖರ್ಚನ್ನು ಸೇರಿಸಬೇಕು. ಪದವಿ ಮುಗಿದ ಮೇಲೆ ಉದ್ಯೋಗ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ. ಆ ಅವಧಿಯಲ್ಲಿ ಯಾವ ಕೆಲಸವನ್ನಾದರೂ ಎಷ್ಟು ಗಂಟೆಯಾದರೂ ಮಾಡಬಹುದು, ಆದರೆ ಆ ಪರವಾನಗಿಗೂ ಜೀವನೋಪಾಯಕ್ಕೆ ಹಣವಿದೆ ಎಂದು ತೋರಿಸಬೇಕು. ವಿದ್ಯಾರ್ಥಿ ದರದ ವಿಮೆ ನಿಂತು ಕಂತು ಹೆಚ್ಚುತ್ತದೆ, ವಿದ್ಯಾರ್ಥಿನಿಲಯವನ್ನೂ ಬಿಡಬೇಕಾಗುತ್ತದೆ. ಈಗಿನ ಮಾರುಕಟ್ಟೆಯಲ್ಲಿ ಉದ್ಯೋಗ ಸಿಗಲು ಆರು ತಿಂಗಳು ಬೇಕಾದೀತು ಎಂದುಕೊಂಡು ಐದಾರು ಸಾವಿರ ಯೂರೋ ಕೊನೆಗೆ ಉಳಿದಿರುವಂತೆ ನೋಡಿಕೊಳ್ಳಿ. ಡ್ರೆಸ್ಡೆನ್‌ನವರು ಹೇಳಿದ ಎಚ್ಚರಿಕೆಯನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಸ್ಟುಟ್‌ಗಾರ್ಟಿಗೆ ಅರ್ಜಿ ಹಾಕಲಿ, ಆದರೆ ಶುಲ್ಕದ 6,000 ಯೂರೋವನ್ನು ಸಂಬಳದಿಂದ ತುಂಬುವ ಯೋಚನೆ ಬೇಡ.

ಸಾಗರದ ಒಬ್ಬ ಪೋಷಕರು:

ನಿನ್ನೆ ರಾತ್ರಿ ಮಗಳೂ ನಾನೂ ಕುಳಿತು ಎಲ್ಲವನ್ನೂ ಮತ್ತೆ ಬರೆದೆವು. ಮಾಗ್ಡೆಬುರ್ಗ್ ಅಥವಾ ಡ್ರೆಸ್ಡೆನ್ ಆದರೆ ಎರಡು ವರ್ಷದ ಬ್ಲಾಕ್ಡ್ ಅಕೌಂಟಿಗೆ ಸುಮಾರು 24.5 ಲಕ್ಷ, ಹೊರಡುವಾಗ ಕೈಯಲ್ಲಿರಬೇಕಾದ 2,500 ಯೂರೋಗೆ 2.6 ಲಕ್ಷ, ವಿಮಾನ, ವೀಸಾ, ಅರ್ಜಿ ಶುಲ್ಕಗಳಿಗೆ ಒಂದು ಲಕ್ಷ, ಒಂದು ಸೆಮಿಸ್ಟರ್ ಹೆಚ್ಚಾದರೆ ಬೇಕಾಗುವ 6 ಲಕ್ಷ; ಒಟ್ಟು 34 ಲಕ್ಷ. ಉದ್ಯೋಗ ಹುಡುಕುವ ಆರು ತಿಂಗಳಿಗೆ, ಮೊದಲ ವರ್ಷ ತಿಂಗಳಿಗೆ ಉಳಿಯಬಹುದಾದ ಹಣವನ್ನೂ ಎರಡನೆಯ ವರ್ಷದ ಸಹಾಯಕಿ ಕೆಲಸದ ಸಂಬಳವನ್ನೂ ಇಟ್ಟುಕೊಳ್ಳುವುದೆಂದು ಅವಳೇ ಹೇಳಿದಳು. ಪಟ್ಟಣದಲ್ಲಿರುವ ನಿವೇಶನದ ಮೇಲೆ 20 ಲಕ್ಷ ಸಾಲ, ಉಳಿದದ್ದು ಎರಡು ವರ್ಷದ ಅಡಿಕೆ ಹಣದಿಂದ. ಬೋಧನೆಗೆ ಶುಲ್ಕವಿಲ್ಲದ ಓದಿಗೂ 34 ಲಕ್ಷ ಎಂದು ನೋಡಿದಾಗ ಮನೆಯವರಿಗೆ ಆತಂಕವಾಯಿತು, ಆದರೂ ಮೊತ್ತ ಈಗ ಕಣ್ಣ ಮುಂದಿರುವುದರಿಂದ ಮುಂದುವರಿಯುವ ಧೈರ್ಯ ಬಂದಿದೆ. ಸ್ಟುಟ್‌ಗಾರ್ಟಿಗೂ ಅರ್ಜಿ ಹಾಕುತ್ತಾಳೆ, ಆದರೆ ಅಲ್ಲಿ ವಿದ್ಯಾರ್ಥಿನಿಲಯ ಸಿಕ್ಕಿದರೆ ಮಾತ್ರ ಒಪ್ಪುವುದೆಂದು ತೀರ್ಮಾನಿಸಿದ್ದೇವೆ. ಕೊನೆಯದಾಗಿ ಒಂದು ಪ್ರಶ್ನೆ: ಆರ್ಥಿಕ ವರ್ಷವೊಂದರಲ್ಲಿ ನಮ್ಮ ಸ್ವಂತ ಹಣ 10 ಲಕ್ಷ ಮೀರಿ ತೆರಿಗೆ ಹಿಡಿದರೆ, ಕೃಷಿ ಆದಾಯ ಮಾತ್ರ ಇರುವ ನಾನು ಅದನ್ನು ವಾಪಸ್ ಪಡೆಯಲು ಸಾಧ್ಯವೆ?

ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ಅಧಿಕಾರಿ:

ಸಾಧ್ಯವಿದೆ. ಹಿಡಿದ ತೆರಿಗೆ ತಮ್ಮ ಪ್ಯಾನ್ ಸಂಖ್ಯೆಯ ಎದುರು ಆದಾಯ ತೆರಿಗೆ ಇಲಾಖೆಯ ವಾರ್ಷಿಕ ತೆರಿಗೆ ಪಟ್ಟಿಯಲ್ಲಿ ಕಾಣಿಸುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ, ಆ ವರ್ಷದ ಆದಾಯ ತೆರಿಗೆ ವಿವರಪಟ್ಟಿಯನ್ನು ಸಲ್ಲಿಸಿದರೆ ಪೂರ್ತಿ ಮೊತ್ತ ಖಾತೆಗೆ ಮರಳುತ್ತದೆ, ಸಲ್ಲಿಸದಿದ್ದರೆ ಮರಳುವುದಿಲ್ಲ. ಅಡಿಕೆ ಮಾರಿದ ಮಂಡಿಯ ರಸೀದಿಗಳನ್ನೂ ಪಹಣಿಯನ್ನೂ ಒಂದು ಕಡತದಲ್ಲಿ ಇಟ್ಟುಕೊಳ್ಳಿ, ಬ್ಯಾಂಕಿನವರು ಹಣದ ಮೂಲ ಕೇಳಿದಾಗಲೂ ಅವೇ ಬೇಕಾಗುತ್ತವೆ.